ಪದಕ್ಕೊಂದು ಗೂಟ ಬೇಕು

ಅರವತ್ತರ ಹೊಸ್ತಿಲಲ್ಲಿ ಜಪಾನಿ ಭಾಷೆ ಕಲಿಯಲು ಕೂತವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಬೆಳಿಗ್ಗೆ ಬಾಯಿಪಾಠ ಮಾಡಿದ ಹತ್ತು ಪದಗಳಲ್ಲಿ ಸಂಜೆಗೆ ಎರಡೂ ಉಳಿಯುವುದಿಲ್ಲ, ಈ ವಯಸ್ಸಿನಲ್ಲಿ ಇದು ಆಗುವ ಮಾತೇ ಎಂಬುದು. ಕೇಳುವವರಿಗೆ ತಕ್ಕ ಕಾರಣಗಳಿವೆ. ಮಗನೋ ಮಗಳೋ ಜಪಾನಿನಲ್ಲಿ ಕೆಲಸಕ್ಕಿರುತ್ತಾರೆ, ಮೊಮ್ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಾರೆ, ಮೂರು ತಿಂಗಳು ಅಲ್ಲಿ ಇದ್ದು ಬರಬೇಕಾದಾಗ ಅಂಗಡಿಗೂ ಆಸ್ಪತ್ರೆಗೂ ಇನ್ನೊಬ್ಬರ ಕೈ ಹಿಡಿದೇ ಹೋಗಬೇಕಾಗುತ್ತದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಬಂದ ಮೇಲೆ ಬೆಂಗಳೂರಿನ ಸುತ್ತ ಜಪಾನಿ ತರಗತಿಗಳು ಹೊಸವಾಗಿ ಉಳಿದಿಲ್ಲ. 2021ರ ಜನವರಿಯಲ್ಲಿ ನುರಿತ ಕೆಲಸಗಾರರನ್ನು ಕಳಿಸುವ ಬಗ್ಗೆ ಭಾರತವೂ ಜಪಾನೂ ಒಪ್ಪಂದ ಮಾಡಿಕೊಂಡ ಮೇಲೆ ಆ ದಾರಿ ಶುಶ್ರೂಷೆ, ಕೃಷಿ, ಕಟ್ಟಡ ಕೆಲಸದವರಿಗೂ ತೆರೆದಿದೆ. ಎಂಜಿನಿಯರಿಂಗ್, ನರ್ಸಿಂಗ್ ಓದಿದ ಹುಡುಗ ಹುಡುಗಿಯರು ಬೀದರಿನಂಥ ಊರುಗಳಿಂದಲೂ ದೂರದೇಶಕ್ಕೆ ಹೋಗುವ ಕಾಲ ಇದು. ಅವರ ಹಿಂದೆ ತಂದೆ ತಾಯಿಯರ ಕಲಿಕೆಯೂ ಹೋಗುತ್ತದೆ. ಹಾಗಾಗಿ ಈ ಪ್ರಶ್ನೆಗೆ ಸಮಾಧಾನದ ಮಾತು ಸಾಲದು, ಸರಿಯಾದ ಉತ್ತರ ಬೇಕು. ನನ್ನ ಉತ್ತರ ಇದು. ವಯಸ್ಸು ನೆನಪಿನ ಒಂದು ನಿರ್ದಿಷ್ಟ ಶಕ್ತಿಯನ್ನು ನಿಜವಾಗಿಯೂ ಕುಗ್ಗಿಸುತ್ತದೆ. ದುರದೃಷ್ಟಕ್ಕೆ ಪದಪಟ್ಟಿಯ ಬಾಯಿಪಾಠ ಕೇಳುವುದು ಅದೇ ಶಕ್ತಿಯನ್ನು. ಪಟ್ಟಿಯನ್ನು ಬಿಟ್ಟು ಬೇರೆ ದಾರಿ ಹಿಡಿದರೆ ವಯಸ್ಸು ಅಷ್ಟು ದೊಡ್ಡ ಅಡ್ಡಿಯಾಗಿ ಉಳಿಯುವುದಿಲ್ಲ.

ಮೊದಲು ಆ ಶಕ್ತಿ ಯಾವುದು ಎಂದು ನೋಡೋಣ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸಂಗತಿಗಳನ್ನು ಜೋಡಿಸಿ ಇಟ್ಟುಕೊಳ್ಳುವ ಸಾಮರ್ಥ್ಯ ಅದು. ಅಪರಿಚಿತ ಮುಖಕ್ಕೆ ಅಪರಿಚಿತ ಹೆಸರನ್ನು, ಗೊತ್ತಿರುವ ಅರ್ಥಕ್ಕೆ ಎಂದೂ ಕೇಳದ ಶಬ್ದವನ್ನು ಅಂಟಿಸುವ ಕೆಲಸ. ಮನಶ್ಶಾಸ್ತ್ರಜ್ಞ ಮೋಶೆ ನವೇ-ಬೆಂಜಮಿನ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಬಿಡಿ ಬಿಡಿ ಪದಗಳನ್ನು ಗುರುತಿಸುವುದರಲ್ಲಿ ಹಿರಿಯರು ಕಿರಿಯರಿಗಿಂತ ಹೆಚ್ಚು ಹಿಂದೆ ಬೀಳಲಿಲ್ಲ. ಯಾವ ಪದ ಯಾವುದರ ಜೊತೆಗಿತ್ತು ಎಂದು ಕೇಳಿದಾಗ ಮಾತ್ರ ಅಂತರ ದೊಡ್ಡದಾಯಿತು. ಆದರೆ ಜೋಡಿಯಲ್ಲಿರುವ ಎರಡು ಪದಗಳಿಗೆ ಮೊದಲೇ ಅರ್ಥಸಂಬಂಧ ಇದ್ದರೆ ಆ ಅಂತರ ಕುಗ್ಗುತ್ತದೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಅಲನ್ ಕ್ಯಾಸ್ಟೆಲ್ 2005ರಲ್ಲಿ ಇದನ್ನೇ ಕಿರಾಣಿ ಸಾಮಾನಿನ ಬೆಲೆಗಳ ಮೇಲೆ ಪರೀಕ್ಷಿಸಿದರು. ಬೆಲೆ ಮಾರುಕಟ್ಟೆಗೆ ಹೊಂದುವಂತಿದ್ದಾಗ ಹಿರಿಯರು ಕಿರಿಯರಷ್ಟೇ ಚೆನ್ನಾಗಿ ನೆನಪಿಟ್ಟುಕೊಂಡರು. ಬೆಲೆ ಅಸಂಬದ್ಧವಾಗಿದ್ದಾಗ ಹಿಂದೆ ಬಿದ್ದರು. ಬೀದರಿನ ಗಾಂಧಿಗಂಜಿನಲ್ಲಿ ತೊಗರಿ, ಉದ್ದಿನ ಭಾವ ನೋಡುತ್ತ ಬೆಳೆದವರಿಗೆ ಇದು ಅಚ್ಚರಿ ತರಬೇಕಿಲ್ಲ. ಇವತ್ತಿನ ಭಾವ ತಲೆಯಲ್ಲಿ ನಿಲ್ಲುವುದು ನಿನ್ನೆಯ ಭಾವ ಅಲ್ಲಿ ಮೊದಲೇ ಕೂತಿರುವುದರಿಂದ. ಹೊಸ ಸಂಗತಿಯನ್ನು ತೂಗುಹಾಕಲು ಒಳಗೆ ಒಂದು ಗೂಟ ಇದ್ದರೆ ಹಿರಿಯ ನೆನಪು ಅದನ್ನು ಹಿಡಿದುಕೊಳ್ಳುತ್ತದೆ. ಗೂಟವಿಲ್ಲದಿದ್ದರೆ ಜಾರಿಬೀಳುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಪದಸಂಪತ್ತು ಎಂಬುದು ವಯಸ್ಸಿನ ಜೊತೆ ಬೆಳೆಯುವ ಕೆಲವೇ ಶಕ್ತಿಗಳಲ್ಲಿ ಒಂದು. ಬೇಗ ಲೆಕ್ಕ ಹಾಕುವ, ಹೊಸ ಒಗಟು ಬಿಡಿಸುವ ಚುರುಕು ಬೇಗ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಸ್ವಂತ ಭಾಷೆಯ ಪದಗಳ ಅರಿವು ಅರವತ್ತರ ದಶಕದವರೆಗೂ ಏರುತ್ತಲೇ ಇರುತ್ತದೆ ಎಂದು ಜೋಶುವಾ ಹಾರ್ಟ್‌ಶೋರ್ನ್ ಮತ್ತು ಲಾರಾ ಜರ್ಮೀನ್ 2015ರಲ್ಲಿ ತೋರಿಸಿದ್ದಾರೆ. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ನಮ್ಮ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಇಳಿವಯಸ್ಸಿನಲ್ಲೂ ಪದಗಳ ಕೆಲಸ ಬಿಡಲಿಲ್ಲ ಎಂಬುದನ್ನು ಕನ್ನಡ ಓದುಗರು ಬಲ್ಲರು. ಅಂಥವರು ಅಪರೂಪ ಎನ್ನಬಹುದು. ಆದರೆ ಸಾಮಾನ್ಯರ ಬಗ್ಗೆಯೂ ಒಂದು ಭರವಸೆಯ ಸಾಕ್ಷ್ಯವಿದೆ. ಅಮೆರಿಕದ ಹ್ಯಾರಿ ಬಾರಿಕ್ 1984ರಲ್ಲಿ, ಶಾಲೆ ಕಾಲೇಜಿನಲ್ಲಿ ಸ್ಪ್ಯಾನಿಶ್ ಕಲಿತಿದ್ದ 733 ಜನರನ್ನು ಪರೀಕ್ಷಿಸಿದರು. ಕೆಲವರು ಕಲಿತು ಐವತ್ತು ವರ್ಷವಾಗಿತ್ತು. ಮೊದಲ ಮೂರರಿಂದ ಆರು ವರ್ಷಗಳಲ್ಲಿ ಮರೆವು ಜೋರಾಗಿತ್ತು. ಅದನ್ನು ದಾಟಿ ಉಳಿದದ್ದು ಮುಂದಿನ ಇಪ್ಪತ್ತೈದು ಮೂವತ್ತು ವರ್ಷ ಹೆಚ್ಚು ಕಡಿಮೆ ಹಾಗೆಯೇ ಉಳಿದಿತ್ತು. ಎಷ್ಟು ಉಳಿಯಿತು ಎಂಬುದನ್ನು ನಿರ್ಧರಿಸಿದ್ದು ಮೊದಲು ಎಷ್ಟು ಗಟ್ಟಿಯಾಗಿ ಕಲಿತಿದ್ದರು ಎಂಬುದು. ಹಿರಿಯರ ತಲೆ ತೂತುಬಿದ್ದ ಕೊಡವಲ್ಲ. ಒಳಗೆ ಹೋದದ್ದು ನಿಲ್ಲುತ್ತದೆ, ಒಳಗೆ ಹೋಗುವ ಬಾಗಿಲು ಮಾತ್ರ ಬೇರೆ ಕಡೆ ಇದೆ.

ದೊಡ್ಡವರಾದ ಮೇಲೆ ಭಾಷೆ ಕಲಿಯುವುದು ಬೀದರಿಗೆ ಹೊಸದೂ ಅಲ್ಲ. ಹದಿನೈದನೆಯ ಶತಮಾನದ ಎಪ್ಪತ್ತರ ಆಸುಪಾಸಿನಲ್ಲಿ ರಷ್ಯದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಕಡಲು ದಾಟಿ ಚೌಲ್‌ನಲ್ಲಿ ಇಳಿದು, ಜುನ್ನಾರ್ ಹಾದು, ಬಹಮನಿಗಳ ರಾಜಧಾನಿ ಬೀದರಿಗೆ ಬಂದ. ಇಲ್ಲಿ ಬಹುಕಾಲ ಇದ್ದ, ಆಳಂದದ ಜಾತ್ರೆಯನ್ನೂ ಶ್ರೀಶೈಲದ ಯಾತ್ರೆಯನ್ನೂ ಕಂಡ. ಆತ ಬಿಟ್ಟುಹೋದ ಪ್ರವಾಸಕಥನದ ಭಾಷೆಯೇ ಒಂದು ಸಾಕ್ಷ್ಯ. ರಷ್ಯನ್ ವಾಕ್ಯಗಳ ನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಬರುತ್ತವೆ. ಕೆಲವು ಕಡೆ ಪೂರ್ತಿ ಸಾಲುಗಳೇ ಆ ಬೆರಕೆ ಭಾಷೆಯಲ್ಲಿವೆ, ಕೊನೆಯ ಪ್ರಾರ್ಥನೆಯೂ ಅದರಲ್ಲೇ ಇದೆ. ಪಾಠಶಾಲೆಯಲ್ಲಿ ಕೂತು ಉರುಹೊಡೆದವನ ಭಾಷೆಯಂತೆ ಅದು ಕಾಣುವುದಿಲ್ಲ. ಸರಕು, ದೂರ, ಬೆಲೆ, ಊಟ, ದೇವರು ಎಂಬ ದಿನದ ಅಗತ್ಯಗಳಿಗೆ ಅಂಟಿಕೊಂಡೇ ಬಂದ ಪದಗಳು ಅವು. ಇವತ್ತಿಗೂ ಈ ಜಿಲ್ಲೆಯಲ್ಲಿ ಭಾಷೆ ಹಾಗೆಯೇ ಹರಡುತ್ತದೆ. ಔರಾದ್ ಕಡೆಯ ಮರಾಠಿ ರೈತ, ಜಹೀರಾಬಾದ್ ಕಡೆಯ ತೆಲುಗಿನವ, ದಖನಿ ಮಾತಾಡುವ ದಲ್ಲಾಳಿ, ಕನ್ನಡದ ಹಮಾಲ ಒಂದೇ ಅಡತಿಯ ಮುಂದೆ ನಿಂತು ವ್ಯವಹಾರ ಮುಗಿಸುತ್ತಾರೆ. ಉದಗೀರದಿಂದ ಭಾಲ್ಕಿಗೆ ಸೊಸೆಯಾಗಿ ಬಂದವರು ಅತ್ತೆಮನೆಯ ಕನ್ನಡವನ್ನು ಅಡುಗೆಮನೆಯಲ್ಲೇ ಕಲಿಯುತ್ತಾರೆ. ಇವರಲ್ಲಿ ಯಾರ ಕೈಯಲ್ಲೂ ಪದಪಟ್ಟಿ ಇರುವುದಿಲ್ಲ.

ಓದು ಬರಹದ ಭಾಷೆಯೂ ಇಲ್ಲಿ ಒಂದೇ ತಲೆಮಾರಿನಲ್ಲಿ ಬದಲಾಗಿದೆ. ನಿಜಾಮರ ಕಾಲದಲ್ಲಿ ಶಾಲೆ, ಕಚೇರಿ, ನ್ಯಾಯಾಲಯ ಎಲ್ಲವೂ ಉರ್ದುವಿನಲ್ಲಿ. ಆ ಕಾಲದಲ್ಲೇ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಗಡಿನಾಡು ಮರೆತಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದವು. 1963ರಲ್ಲಿ ಕನ್ನಡ ಆಡಳಿತ ಭಾಷೆಯ ಕಾನೂನು ಬಂತು. ಉರ್ದುವಿನಲ್ಲಿ ಅರ್ಜಿ ಬರೆದು ಅಭ್ಯಾಸವಿದ್ದ ದೊಡ್ಡವರ ಮುಂದೆ ಕನ್ನಡದ ಕಾಗದ ಬಂದು ಕೂತಿತು. ಅವರಿಗೆ ನೆರವಾದದ್ದೇನು? ಅರ್ಜಿ, ಜಮೀನು, ತಹಶೀಲ್ದಾರ, ಫಿರ್ಯಾದಿ, ತಕರಾರು ಮುಂತಾದ ಮಾತುಗಳು ಎರಡೂ ಕಡೆ ಇದ್ದವು. ಮನೆಯ ಮಾತು ಹೇಗೂ ಕನ್ನಡವೋ, ಕನ್ನಡದ ನೆರಳಲ್ಲಿ ಬೆಳೆದ ದಖನಿಯೋ ಆಗಿತ್ತು. ಹೊಸ ಲಿಪಿ ಕಲಿಯಬೇಕಿತ್ತು, ಆದರೆ ಅದರೊಳಗಿನ ಎಷ್ಟೋ ಪದಗಳು ಮೊದಲೇ ಪರಿಚಿತ. ಗೂಟಗಳು ಗೋಡೆಯಲ್ಲಿ ಸಿದ್ಧವಾಗಿದ್ದವು.

ಇಲ್ಲಿಗೆ ಒಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಉರ್ದು, ಮರಾಠಿ, ತೆಲುಗು ನಮ್ಮ ಅಂಗಳದ ಭಾಷೆಗಳು, ಅವುಗಳಿಗೂ ಕನ್ನಡಕ್ಕೂ ಕೊಡುಕೊಳ್ಳು ಇದೆ. ಸಾವಿರಾರು ಮೈಲಿ ಆಚೆಯ ಜಪಾನಿಗೆ ಎಲ್ಲಿಯ ಗೂಟ? ಜಪಾನಿಯೂ ದ್ರಾವಿಡ ಭಾಷೆಗಳೂ ಒಂದೇ ಕುಟುಂಬ ಎಂದು ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳನ್ನು ಮುಂದಿಟ್ಟು ವಾದಿಸಿದ್ದರು. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ನನ್ನ ವಾದಕ್ಕೆ ಆ ನೆಂಟಸ್ತಿಕೆ ಬೇಕಾಗಿಯೂ ಇಲ್ಲ. ನೆಂಟರಲ್ಲದ ಎರಡು ಭಾಷೆಗಳು ಒಂದೇ ರೀತಿ ವಾಕ್ಯ ಕಟ್ಟಬಹುದು, ಕಲಿಯುವವನಿಗೆ ಅಷ್ಟು ಸಾಕು. ಜಪಾನಿಯಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ. ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ. 'ಎಕಿ' ಎಂದರೆ ರೈಲು ನಿಲ್ದಾಣ. 'ಎಕಿ ನಿ' ನಿಲ್ದಾಣಕ್ಕೆ, 'ಎಕಿ ಕರ' ನಿಲ್ದಾಣದಿಂದ. 'ಕುರು ತೊ ಇತ್ತ' ಎಂದರೆ ಬರುತ್ತೇನೆ ಅಂತ ಹೇಳಿದ; ನಮ್ಮ 'ಅಂತ' ಕೂರುವ ಜಾಗದಲ್ಲೇ ಅವರ 'ತೊ' ಕೂರುತ್ತದೆ. ಪ್ರಶ್ನೆ ಕೇಳಬೇಕಾದರೆ ನಾವು 'ಬಂದರು' ಎಂಬುದರ ಬಾಲಕ್ಕೆ ಒಂದು ದೀರ್ಘ ಹಚ್ಚಿ 'ಬಂದರಾ' ಎನ್ನುತ್ತೇವೆ, ಅವರು ವಾಕ್ಯದ ಕೊನೆಗೆ 'ಕ' ಹಚ್ಚುತ್ತಾರೆ. ಇನ್ನೂ ಸೂಕ್ಷ್ಮವಾದ ಹೋಲಿಕೆಗಳಿವೆ. 'ತಬೆರು' ತಿನ್ನು, 'ತಬೆತೆ' ತಿಂದು. 'ತಬೆತೆ ಮಿರು' ಎಂದರೆ ತಿಂದು ನೋಡು, 'ಮಿರು' ಎಂದರೆ ನೋಡು ಎಂದೇ ಅರ್ಥ. 'ಯೊಂದೆ ಮಿರು' ಓದಿ ನೋಡು. 'ಕೈತೆ ಒಕು' ಬರೆದಿಡು, 'ಒಕು' ಎಂದರೆ ಇಡು. 'ತಬೆತೆ ಶಿಮಉ' ತಿಂದುಬಿಡು. 'ತಬೆತೆ ಇರು' ತಿನ್ನುತ್ತ ಇರು. ಜೀವವುಳ್ಳದ್ದು ಇದೆ ಎಂಬುದಕ್ಕೆ ಅವರ ಪದವೂ ಆಕಸ್ಮಿಕವಾಗಿ 'ಇರು' ಎಂದೇ. ಇಂಗ್ಲಿಷ್ ಮೂಲಕ ಕಲಿಯುವವನಿಗೆ ಇವು ಒಂದೊಂದೂ ಹೊಸ ನಿಯಮ. ಕನ್ನಡಿಗನಿಗೆ ಇವು ನಾಲಿಗೆಯ ಹಳೆಯ ರೂಢಿ.

ಪದಗಳ ಮಟ್ಟದಲ್ಲೂ ಇದೇ ಮಾತು. ಜಪಾನಿಗೆ ಬರಿಯ 'ಬ್ರದರ್' ಸಾಲದು, ಅಣ್ಣ ಬೇರೆ ತಮ್ಮ ಬೇರೆ, ಅಕ್ಕ ಬೇರೆ ತಂಗಿ ಬೇರೆ: 'ಅನಿ', 'ಒತೋತೊ', 'ಅನೆ', 'ಇಮೋತೊ'. ಈ ನಾಲ್ಕು ಕೋಣೆಗಳು ನಮ್ಮ ತಲೆಯಲ್ಲಿ ಹುಟ್ಟಿನಿಂದಲೇ ಕಟ್ಟಿವೆ. ಸಂಖ್ಯೆಗಳಲ್ಲಿ ಹತ್ತು 'ಜೂ', ಒಂದು 'ಇಚಿ', ಹನ್ನೊಂದು 'ಜೂ ಇಚಿ', ಇಪ್ಪತ್ತೊಂದು 'ನಿ ಜೂ ಇಚಿ'. ತೊಂಬತ್ತೊಂಬತ್ತರವರೆಗೆ ಪ್ರತಿ ಸಂಖ್ಯೆಗೂ ಬೇರೆ ರೂಪ ನೆನಪಿಡಬೇಕಾದ ಉರ್ದು ಗಿನ್ತಿಯನ್ನು ಜೀರ್ಣಿಸಿಕೊಂಡ ಬೀದರಿನವರಿಗೆ ಇದು ಸಲೀಸು. ಇದು, ಅದು; ಇಲ್ಲಿ, ಅಲ್ಲಿ, ಎಲ್ಲಿ ಎಂದು ಕನ್ನಡದಲ್ಲಿ ಮೊದಲ ಅಕ್ಷರವಷ್ಟೇ ಬದಲಾಗುವ ಸಾಲುಗಳಿವೆಯಲ್ಲ, ಜಪಾನಿಯಲ್ಲೂ 'ಕೊರೆ, ಸೊರೆ, ಅರೆ, ದೊರೆ', 'ಕೊಕೊ, ಸೊಕೊ, ಅಸೊಕೊ, ದೊಕೊ' ಎಂಬ ಸಾಲುಗಳಿವೆ. ಒಂದು ಸಾಲಿನ ಕ್ರಮ ಹಿಡಿದರೆ ಮಿಕ್ಕವು ತಾವೇ ಬರುತ್ತವೆ. ಗುಡುಗಿಗೆ ನಾವು ಗುಡುಗುಡು ಎಂದರೆ ಅವರು 'ಗೊರೊಗೊರೊ'; ಎದೆ ಢವಢವ ಎಂದರೆ 'ದೊಕಿದೊಕಿ'; ಗರಗರ ತಿರುಗಿದರೆ 'ಗುರುಗುರು'; ಫಳಫಳ ಹೊಳೆದರೆ 'ಪಿಕಪಿಕ'. ಜೋಡುನುಡಿಗಳ ಈ ಸಂಪತ್ತಿನಲ್ಲಿ ಕನ್ನಡವೂ ಜಪಾನಿಯೂ ಸರಿಸಾಟಿ. ಪೋರ್ಚುಗೀಸರು ಎರಡೂ ಕಡೆ ಹೋಗಿದ್ದರಿಂದ ನಮ್ಮ ಪಾವ್ ಅಲ್ಲಿ 'ಪಾನ್', ನಮ್ಮ ತಂಬಾಕು ಅಲ್ಲಿ 'ತಬಕೊ'. ಬೌದ್ಧಧರ್ಮದ ಜೊತೆ ಚೀನಾ ದಾಟಿ ಹೋದ ಧ್ಯಾನ ಅಲ್ಲಿ 'ಜೆನ್' ಆಯಿತು, ಯಮ 'ಎನ್ಮ' ಆದ. ಇಂಥವು ಸಾವಿರವಿಲ್ಲ, ನಿಜ. ಆದರೆ ಮೊದಲ ಇನ್ನೂರು ಪದಗಳನ್ನು ಗಟ್ಟಿ ಮಾಡಿಕೊಳ್ಳಲು ಬೇಕಾದಷ್ಟು ಇವೆ, ಆ ಇನ್ನೂರೇ ಮುಂದಿನವಕ್ಕೆ ಗೂಟಗಳಾಗುತ್ತವೆ.

ಹಾಗಾದರೆ ಹಿರಿಯರು ಸೋಲುವುದೆಲ್ಲಿ? ಅವರ ಕೈಗೆ ಸಿಗುವ ಪುಸ್ತಕಗಳು ಇಂಗ್ಲಿಷಿನವು. ಭಾಲ್ಕಿಯ ನಿವೃತ್ತ ಶಿಕ್ಷಕರೊಬ್ಬರು ಜಪಾನಿ ಪದ ಕಲಿಯಬೇಕಾದರೆ ಮೊದಲು ಅದರ ಇಂಗ್ಲಿಷ್ ಅರ್ಥಕ್ಕೆ, ಅಲ್ಲಿಂದ ಕನ್ನಡದ ಭಾವಕ್ಕೆ ಹೋಗಬೇಕು. ಒಂದು ಜೋಡಿ ಸಾಲದೆಂದು ಎರಡು ಜೋಡಿ. ಕುಗ್ಗಿದ ಶಕ್ತಿಯ ಮೇಲೆ ಇಮ್ಮಡಿ ಹೊರೆ. ರೋಮನ್ ಅಕ್ಷರಗಳಲ್ಲಿ ಬರೆದ ಜಪಾನಿ ಇನ್ನೊಂದು ತೊಡಕು. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ. 'ಒಬಸನ್' ಎಂದರೆ ಅತ್ತೆಯೋ ಚಿಕ್ಕಮ್ಮನೋ, 'ಒಬಾಸನ್' ಎಂದರೆ ಅಜ್ಜಿ. ಒತ್ತು ತಪ್ಪಿದರೂ ಹಾಗೆಯೇ, 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ರೋಮನ್ ಬರಹದಲ್ಲಿ ಎಷ್ಟೋ ಸಲ ಕಣ್ತಪ್ಪಿಹೋಗುವ ಈ ಭೇದಗಳನ್ನು ಕನ್ನಡದ ದೀರ್ಘವೂ ಒತ್ತಕ್ಷರವೂ ಕಣ್ಣಿಗೆ ಹೊಡೆಯುವಂತೆ ತೋರಿಸುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರುಸ್ಥಾಯಿಯ ದನಿಗಳನ್ನು, ಅಂದರೆ ಸ, ಶ ಮುಂತಾದ ವ್ಯಂಜನಗಳನ್ನು. ಹಾಗಾಗಿ ಕೇಳಿ ಕಲಿಯುವ ಹಿರಿಯರ ಎದುರಿಗೆ ಸ್ಪಷ್ಟವಾದ ಬರಹವೂ ಇರಲೇಬೇಕು. ಮೊದಲ ಕೆಲವು ವಾರ ಕನ್ನಡ ಲಿಪಿಯಲ್ಲೇ ಬರೆದುಕೊಂಡು, ಜೊತೆಜೊತೆಗೆ ಹಿರಗಾನ ಎಂಬ ಜಪಾನಿ ಲಿಪಿಯ 46 ಅಕ್ಷರಗಳಿಗೆ ದಾಟುವುದು ಸರಿಯಾದ ಕ್ರಮ. ಆ ದಾಟುವಿಕೆಯೂ ಕಷ್ಟದ್ದಲ್ಲ. ಹಿರಗಾನ ಕೋಷ್ಟಕದ ಸ್ವರಗಳು ಅ ಇ ಉ ಎ ಒ, ಸಾಲುಗಳು ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಓದುತ್ತಿದ್ದುದರ ಪ್ರಭಾವ ಈ ಕ್ರಮದಲ್ಲಿದೆ. ನಮ್ಮ ವರ್ಣಮಾಲೆ ಬಾಯಿಗೆ ಬಂದವರಿಗೆ ಇದು ಗುರುತಿನ ಮುಖ.

ಗೂಟ ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪದ ಅಲ್ಲಿ ನಿಲ್ಲಬೇಕಾದರೆ ಅದನ್ನು ಪದೇ ಪದೇ ನೋಡುವುದಕ್ಕಿಂತ ಪದೇ ಪದೇ ಹೊರಗೆ ತೆಗೆಯಬೇಕು. ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಮೇಲೂ ಕೆಲವರನ್ನು ಅದೇ ಪದದ ಮೇಲೆ ಮತ್ತೆ ಮತ್ತೆ ಪರೀಕ್ಷಿಸಿದರು. ಮಿಕ್ಕವರನ್ನು ಪರೀಕ್ಷಿಸುವುದು ಬಿಟ್ಟರು, ಅವರಲ್ಲಿ ಕೆಲವರು ಓದುವುದನ್ನು ಮಾತ್ರ ಮುಂದುವರಿಸಿದರು. ಒಂದು ವಾರದ ನಂತರ ಪರೀಕ್ಷೆಗೆ ಒಳಗಾಗುತ್ತಲೇ ಇದ್ದವರಿಗೆ ಶೇಕಡ 80ರಷ್ಟು ನೆನಪಿತ್ತು. ಉಳಿದವರಿಗೆ ಶೇಕಡ 35ರ ಆಸುಪಾಸು. ಮತ್ತೆ ಮತ್ತೆ ಓದಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಇನ್ನೂ ಗಮನಿಸಬೇಕಾದದ್ದು, ತಮಗೆ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಅರ್ಧದಷ್ಟು ಎಂದಿದ್ದರು. ಯಾವ ವಿಧಾನ ಕೆಲಸ ಮಾಡುತ್ತಿದೆ ಎಂಬುದು ಕಲಿಯುವವನ ಅನಿಸಿಕೆಗೆ ಸಿಗುವುದಿಲ್ಲ. ಪಟ್ಟಿ ಓದುವಾಗ ಎಲ್ಲ ಗೊತ್ತಿದೆ ಎನಿಸುತ್ತದೆ, ಪಟ್ಟಿ ಮುಚ್ಚಿ ಹೇಳಬೇಕಾದಾಗ ಏನೂ ಬರುವುದಿಲ್ಲ. ಹಿರಿಯರು ಇದನ್ನು ಕಂಡು ವಯಸ್ಸನ್ನು ದೂರುತ್ತಾರೆ, ಇಪ್ಪತ್ತರವರಿಗೂ ಇದೇ ಆಗುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ. ಆದ್ದರಿಂದ ಪುಟ ಮುಚ್ಚಿ, ಅರ್ಥ ನೋಡಿ, ಪದವನ್ನು ಬಾಯಿಬಿಟ್ಟು ಹೇಳಬೇಕು. ಬಿಡಿ ಪದವಾಗಿ ಹೇಳದೆ 'ಯೊಂದೆ ಮಿರು' ಎಂಬಂತೆ ಸಣ್ಣ ನುಡಿಗಟ್ಟಾಗಿ ಹೇಳಬೇಕು. ತಡಕಾಡುವ ಆ ಕೆಲವು ಕ್ಷಣಗಳಲ್ಲೇ ಕಲಿಕೆ ನಡೆಯುತ್ತದೆ.

ಎರಡನೆಯ ಮಾತು ಅಂತರದ್ದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಮರೆವಿನ ಲೆಕ್ಕದಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತ ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶ್ರಮ ಸೋರಿಹೋಗಿತ್ತು. ಆತ ಪರೀಕ್ಷಿಸಿಕೊಂಡದ್ದು ತನ್ನನ್ನೇ, ಆಗ ಅವನ ವಯಸ್ಸು ಮೂವತ್ತರ ಆಚೀಚೆ. ಸಂಜೆಗೆ ಎಂಟು ಪದ ಹೋದವೆಂದರೆ ಅದನ್ನು ಮುಪ್ಪಿನ ಲಕ್ಷಣ ಎನ್ನಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮರೆವಿಗೆ ಮದ್ದು ಮತ್ತೆ ಕೇಳಿಕೊಳ್ಳುವುದು, ಆದರೆ ದಿನವೂ ಅಲ್ಲ, ಸರದಿ ಅಗಲಿಸುತ್ತ. ಮೊದಲು ಹೇಳಿದ ಬಾರಿಕ್ ತಮ್ಮ ಮನೆಯವರ ಜೊತೆ ಸೇರಿ ನಾಲ್ವರು 300 ವಿದೇಶಿ ಪದಗಳನ್ನು ಕಲಿತು ಒಂಬತ್ತು ವರ್ಷ ನಡೆಸಿದ ಅಧ್ಯಯನ 1993ರಲ್ಲಿ ಬಂತು. 14 ದಿನಕ್ಕೊಮ್ಮೆ 26 ಸಲ ಅಭ್ಯಾಸ ಮಾಡಿದಷ್ಟೇ ಫಲ 56 ದಿನಕ್ಕೊಮ್ಮೆ 13 ಸಲ ಮಾಡಿದಾಗ ಸಿಕ್ಕಿತು. ಅರ್ಧ ಶ್ರಮ, ಅದೇ ನೆನಪು. ಜರ್ಮನ್ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದೇ ತತ್ವವನ್ನು ಕಾಗದದ ಚೀಟಿ ಮತ್ತು ಕೆಲವು ಖಾನೆಗಳ ಪೆಟ್ಟಿಗೆಗೆ ಇಳಿಸಿದರು. ಬಂದ ಪದ ಮುಂದಿನ ಖಾನೆಗೆ ಹೋಗುತ್ತದೆ, ತಡವಾಗಿ ಮತ್ತೆ ಎದುರಾಗುತ್ತದೆ. ಬಾರದ ಪದ ಮೊದಲ ಖಾನೆಗೆ ಮರಳುತ್ತದೆ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಜಪಾನಿ ಕಲಿಯಲೆಂದೇ ಮಾಡಿದ 'ಆಂಕಿ' ಎಂಬ ಉಚಿತ ತಂತ್ರಾಂಶ ಇದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತದೆ. ಹಿರಿಯರಿಗೆ ನನ್ನ ಸಲಹೆ ಒಂದೇ: ದಿನಕ್ಕೆ ಐದು ಹೊಸ ಪದ ಸಾಕು. ಜಪಾನಿ ಸಾಮರ್ಥ್ಯ ಪರೀಕ್ಷೆಯ ಅತಿ ಕೆಳಗಿನ ಹಂತಕ್ಕೆ ಹಿಂದಿನ ಪಠ್ಯಕ್ರಮ ನಿಗದಿ ಮಾಡಿದ್ದು ಸುಮಾರು 800 ಪದ. ದಿನಕ್ಕೆ ಐದರಂತೆ ಸುಮಾರು ಐದೂಕಾಲು ತಿಂಗಳು. ಅವಸರಪಟ್ಟು ಇಪ್ಪತ್ತು ತುಂಬಿದರೆ ಹಳೆಯವನ್ನು ಮತ್ತೆ ಕೇಳಿಕೊಳ್ಳುವ ಕೆಲಸವೇ ಬೆಟ್ಟವಾಗಿ ಬೆಳೆದು, ಒಂದು ತಿಂಗಳಲ್ಲಿ ಕೈಬಿಡುವಂತಾಗುತ್ತದೆ.

ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ ನೋಡಿ, ನಮ್ಮಿಂದ ಅದು ಸಾಧ್ಯವೇ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಉಚ್ಚಾರದಲ್ಲಿ, ವ್ಯಾಕರಣದ ಅತಿಸೂಕ್ಷ್ಮಗಳಲ್ಲಿ ಮಕ್ಕಳೇ ಕೊನೆಗೆ ಗೆಲ್ಲುತ್ತಾರೆ, ಅದನ್ನು ಒಪ್ಪಬೇಕು. ವ್ಯಾಕರಣ ಕಲಿಯುವ ಮೂಲಶಕ್ತಿ ಹದಿನೇಳರ ಸುಮಾರಿಗೆ ಇಳಿಯತೊಡಗುತ್ತದೆ ಎಂದು 2018ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಆಧರಿಸಿದ ಅಧ್ಯಯನ ಹೇಳಿತು. ಆದರೆ ಅದು ವ್ಯಾಕರಣದ ಮಾತು, ಪದಗಳದ್ದಲ್ಲ. ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್‌ನಾಗೆಲ್-ಹೋಲೆ 1978ರಲ್ಲಿ, ಹಾಲೆಂಡಿಗೆ ಹೋಗಿ ನೆಲೆಸಿದ ಇಂಗ್ಲಿಷ್ ಕುಟುಂಬಗಳ ಡಚ್ ಕಲಿಕೆಯನ್ನು ಅಳೆದಾಗ ಮೊದಲ ತಿಂಗಳುಗಳಲ್ಲಿ ಮುಂದಿದ್ದವರು ಹನ್ನೆರಡರಿಂದ ಹದಿನೈದರ ಹರೆಯದವರೂ ದೊಡ್ಡವರೂ. ಮೂರರಿಂದ ಐದು ವರ್ಷದ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ಮಗುವಿನ ಗೆಲುವಿನ ಹಿಂದೆ ದಿನವಿಡೀ ಭಾಷೆಯ ನಡುವೆ ಇರುವ ಸಾವಿರಾರು ಗಂಟೆಗಳಿವೆ, ತಪ್ಪು ಮಾತಾಡಿದರೆ ಯಾರೂ ನಗುವುದಿಲ್ಲ ಎಂಬ ರಿಯಾಯಿತಿಯೂ ಇದೆ. ಅರವತ್ತರವರಿಗೆ ದಿನಕ್ಕೆ ಅರ್ಧ ಗಂಟೆ ಕೊಟ್ಟು ಮಗುವಿನ ಫಲ ಕೇಳುವುದು ನ್ಯಾಯವಲ್ಲ. ಅವರ ಗುರಿಯೂ ಬೇರೆ. ಟೋಕಿಯೊದವರಂತೆ ಮಾತಾಡುವುದು ಬೇಕಿಲ್ಲ. ಔಷಧಿ ಅಂಗಡಿಯಲ್ಲಿ ನೋವು ಎಲ್ಲಿದೆ ಎಂದು ಹೇಳಲು, ಮೊಮ್ಮಗಳ ಗೆಳತಿಗೆ ಊಟಕ್ಕೆ ಕೂರು ಎನ್ನಲು ಬಂದರೆ ಸಾಕು.

ಕಾಂಜಿ ಎಂಬ ಚಿತ್ರಾಕ್ಷರಗಳ ಭಯವನ್ನೂ ಇದೇ ಅಳತೆಯಿಂದ ನೋಡಬೇಕು. ನಿತ್ಯಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಸಂಖ್ಯೆ ಕೇಳಿ ಎದೆ ಒಡೆಯಬೇಕಿಲ್ಲ. ಬರೆಯುವ ಹಟ ಬಿಟ್ಟು ಓದಿ ಗುರುತಿಸುವುದಕ್ಕೆ ಸೀಮಿತವಾದರೆ, ಒಂದೊಂದು ಕಾಂಜಿಯೂ ಪದಗಳ ಒಂದು ಮನೆತನಕ್ಕೆ ಗೂಟವಾಗುತ್ತದೆ. ಬಾಯಿ ಎಂಬುದಕ್ಕೆ 'ಕುಚಿ', ಅದರ ಕಾಂಜಿ ಬರಿಯ ಒಂದು ಚೌಕ. ಹೊರದಾರಿ 'ದೆಗುಚಿ', ಒಳದಾರಿ 'ಇರಿಗುಚಿ', ಕಚೇರಿಯ ಕಿಟಕಿ 'ಮದೊಗುಚಿ'. ಮೂರರಲ್ಲೂ ಅದೇ ಚೌಕ ಇದೆ. ನಿಲ್ದಾಣದಲ್ಲಿ ಇಳಿದವರಿಗೆ ಮೊದಲ ದಿನ ಬೇಕಾಗುವ ಪದಗಳು ಇವೇ. ಫೋನಿನಲ್ಲಿ ಅನುವಾದ ಸಿಗುವಾಗ ಈ ಶ್ರಮ ಏಕೆ ಎಂದು ಕೇಳುವವರೂ ಇದ್ದಾರೆ. ಫೋನು ಬೇಕು, ಬಳಸಲಿ. ಆದರೆ ಮೊಮ್ಮಗು ಶಾಲೆಯಿಂದ ಬಂದು ಜಪಾನಿಯಲ್ಲಿ ಗೊಣಗಿದಾಗ, ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಮಾತಿಗೆಳೆದಾಗ, ನಡುವೆ ಫೋನು ಚಾಚಿದರೆ ಮಾತು ಅಲ್ಲಿಗೇ ತುಂಡಾಗುತ್ತದೆ. ತಡವರಿಸುತ್ತ ಹೇಳಿದ ನಾಲ್ಕು ಪದ ಆ ಮಾತನ್ನು ಮುಂದುವರಿಸುತ್ತವೆ. ಬಾಯಿಪಾಠವೇ ಬೇಡ, ಮಾತಾಡುತ್ತ ಕಲಿಯಲಿ ಎನ್ನುವವರಿಗೂ ಇಷ್ಟು ಹೇಳಬೇಕು. ಗಂಜಿನಲ್ಲಿ ಮರಾಠಿ ಕಲಿತವರಿಗೆ ದಿನವೂ ಮರಾಠಿ ಕಿವಿಗೆ ಬೀಳುತ್ತಿತ್ತು; ಬೀದರಿನ ಚಿದ್ರಿಯಲ್ಲಿ ಕೂತವರ ಕಿವಿಗೆ ಜಪಾನಿ ಬೀಳುವುದಿಲ್ಲ. ಆ ಕೊರತೆಯನ್ನು ತುಂಬಲಿಕ್ಕೇ ಚೀಟಿ, ಪೆಟ್ಟಿಗೆ, ಸರದಿ ಎಲ್ಲ ಬೇಕಾಗಿರುವುದು.

ಇಷ್ಟೆಲ್ಲ ಕಲಿಯುವವರ ಪಾಲಿನ ಕೆಲಸ. ಅವರಿಗೆ ದಾರಿ ಮಾಡಿಕೊಡುವ ಕೆಲಸ ನಮ್ಮದು, ಕನ್ನಡದ್ದು. ಇಂಗ್ಲಿಷಿನ ಹಂಗಿಲ್ಲದೆ ಕನ್ನಡದಿಂದ ನೇರವಾಗಿ ಜಪಾನಿಗೆ ಕರೆದೊಯ್ಯುವ ಒಂದು ಪದಪುಸ್ತಕ ಬೇಕು. ಅದರಲ್ಲಿ ಪದಗಳು ಅಕಾರಾದಿಯಾಗಿ ಬರಬಾರದು. ಅಣ್ಣ ತಮ್ಮಂದಿರು ಒಂದು ಕಡೆ, ಇಲ್ಲಿ ಅಲ್ಲಿ ಎಲ್ಲಿ ಒಂದು ಕಡೆ, ಮಾಡಿ ನೋಡು, ಮಾಡಿಬಿಡು, ಮಾಡಿಡು ಒಂದು ಕಡೆ, ಆಸ್ಪತ್ರೆ, ಅಂಗಡಿ, ನಿಲ್ದಾಣದ ನುಡಿಗಟ್ಟುಗಳು ಒಂದು ಕಡೆ ಬರಬೇಕು. ಉಚ್ಚಾರ ಕನ್ನಡ ಲಿಪಿಯಲ್ಲಿರಬೇಕು, ಅಕ್ಷರ ದೊಡ್ಡದಿರಬೇಕು, ಜೊತೆಗೆ ನಿಧಾನವಾಗಿ ಓದಿದ ಧ್ವನಿ ಇರಬೇಕು. ಜಪಾನಿ ಕಲಿಸುವ ಬೆಂಗಳೂರಿನ ಅಧ್ಯಾಪಕರೂ ಕನ್ನಡದ ವಿದ್ವಾಂಸರೂ ಒಟ್ಟಿಗೆ ಕೂತರೆ ಇದು ದೊಡ್ಡ ಖರ್ಚಿನ ಕೆಲಸವೇನಲ್ಲ. ತಾಲ್ಲೂಕು ಗ್ರಂಥಾಲಯಗಳಲ್ಲಿ ಅಂಥದೊಂದು ಪುಸ್ತಕ ಸಿಕ್ಕರೆ, ಔರಾದಿನಲ್ಲೋ ಭಾಲ್ಕಿಯಲ್ಲೋ ನಾಲ್ವರು ಹಿರಿಯರು ಸೇರಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತ ಕಲಿಯಬಹುದು. ಪುಟ ಮುಚ್ಚಿ ಹೇಳುವ ಅಭ್ಯಾಸಕ್ಕೆ ಜೊತೆಗಾರರಿಗಿಂತ ಒಳ್ಳೆಯ ತಂತ್ರಾಂಶ ಇಲ್ಲ. ನಾಲ್ಕು ಭಾಷೆಗಳ ನಡುವೆ ಬದುಕಿ ಬಾಳಿದವರಿಗೆ ಐದನೆಯದನ್ನು ಕಲಿಯುವ ಶಕ್ತಿ ಇಲ್ಲ ಎಂದು ಸಾಕ್ಷ್ಯ ಎಲ್ಲೂ ಹೇಳುವುದಿಲ್ಲ. ಇಲ್ಲದಿರುವುದು ಅವರ ಬಲಕ್ಕೆ ಒಪ್ಪುವ ಪಾಠ. ಅದನ್ನು ಮಾಡಿಕೊಡುವುದು ಕನ್ನಡ ಬಲ್ಲವರ ಹೊಣೆ.